ನಮ್ಮ ಸಾಮಾನಿನ ಜೊತೆ ಹೊರಟವರು

ಆಸ್ಟ್ರೇಲಿಯಾಕ್ಕೆ ಮನೆ ಬದಲಿಸಿ ಹಡಗಿನಲ್ಲಿ ಸಾಮಾನು ಕಳಿಸುವವರು ಒಂದು ಅರ್ಜಿ ತುಂಬಬೇಕು. ಬಿ534 ಅಂತ ಅದರ ನಂಬರು. ಹೊರಗಿನ ಹುಳು, ಕಳೆ, ರೋಗ ಸಾಮಾನಿನ ಜೊತೆ ದೇಶದೊಳಗೆ ಬರಬಾರದು ಅನ್ನುವುದು ಅದರ ಒಂದು ಕಾಳಜಿ. ಹೆಸರು, ಪಾಸ್‌ಪೋರ್ಟು, ವಿಳಾಸದ ಸಾಲುಗಳು ಮುಗಿದವೋ ಇಲ್ಲವೋ, ಅರ್ಜಿ ಸೀದಾ ಅಡುಗೆಮನೆಗೆ ನುಗ್ಗುತ್ತದೆ. ತಿನ್ನುವ ಪದಾರ್ಥ ಇದೆಯೇ? ಮರದ್ದು, ಬಿದಿರಿನದ್ದು, ಬೆತ್ತದ್ದು, ಹುಲ್ಲಿನದ್ದು? ಬೀಜ, ಒಣಗಿದ ಎಲೆ? ಚರ್ಮ, ಗರಿ, ಚಿಪ್ಪು? ಮಣ್ಣು ಮೆತ್ತಿದ ಬೂಟು, ಸೈಕಲ್ಲು, ಗುದ್ದಲಿ? ಹೀಗೇ ಸಾಗುತ್ತದೆ. ವೀಸಾ ಕೊಡುವಾಗ ಅದೇ ಸರ್ಕಾರ ನಮ್ಮ ಓದು, ನೌಕರಿ, ಎದೆಯ ಎಕ್ಸ್‌ರೇ ನೋಡಿ ಸಮಾಧಾನಪಟ್ಟಿತ್ತು. ಈ ಅರ್ಜಿಗೆ ಬೇಕಾಗಿದ್ದು ನಮ್ಮ ಅಟ್ಟ.

2022ರಲ್ಲಿ ನಾವು ಮೈಸೂರಿನಿಂದ ಮೆಲ್ಬರ್ನಿಗೆ ಬಂದೆವು. ಪೂರ್ತಿ ಕಂಟೇನರಿನಷ್ಟು ಸಾಮಾನೇನೂ ಇರಲಿಲ್ಲ, ಬೇರೆಯವರ ಪೆಟ್ಟಿಗೆಗಳ ಜೊತೆ ಒಂದು ಮೂಲೆ ನಮ್ಮದು. ಸಾಮಾನು ಸಾಗಿಸುವವರು ಕೊಟ್ಟ ಪಟ್ಟಿಯ ಮಾದರಿಯಲ್ಲಿ "ಅಡುಗೆ ಪಾತ್ರೆ, ಒಂದು ಡಬ್ಬ" ಅಂತ ಬರೆದರೆ ಸಾಕಾಗಿತ್ತು ಅನ್ನಿಸುತ್ತದೆ. ಆದರೆ ಆ ಕಡೆ ಪೆಟ್ಟಿಗೆ ಬಿಚ್ಚುವ ಅಧಿಕಾರಿಗೆ ಪಟ್ಟಿ ಎಷ್ಟು ಬಿಡಿಸಿದ್ದರೆ ಅಷ್ಟು ಕಡಿಮೆ ಹೊತ್ತು, ಮತ್ತು ಆ ಹೊತ್ತಿಗೆ ಕಾಲು ಗಂಟೆಯ ಲೆಕ್ಕದಲ್ಲಿ ಶುಲ್ಕ ಕೊಡಬೇಕಾದವರು ನಾವು, ಅಂತ ಮೊದಲೇ ಹೋದ ಸ್ನೇಹಿತರು ಎಚ್ಚರಿಸಿದ್ದರು. ಹಾಗಾಗಿ ಒಂದೊಂದನ್ನೂ ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಬರೆಯಲು ಕೂತೆ. ಅತ್ತೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದರು.

"ಅಲ್ಲಮ್ಮಾ, ಪೊರಕೆಗೂ ಪಾಸ್‌ಪೋರ್ಟಾ?"

ಪೊರಕೆ ಪಟ್ಟಿಗೆ ಸೇರಲೇ ಇಲ್ಲ. ತೆಂಗಿನ ಗರಿಯ ಕಡ್ಡಿಪೊರಕೆಯನ್ನು ಹಡಗು ಹತ್ತಿಸುವ ಹಟ ನನಗಿರಲಿಲ್ಲ. ಆದರೆ ಅತ್ತೆಯ ಪ್ರಶ್ನೆ ಹುಡುಗಾಟದ್ದಲ್ಲ. ನಲವತ್ತು ವರ್ಷ ದಿನಾ ಗುಡಿಸಿ ಸಾರಿಸಿದ ಮನೆ ಅದು. ಆ ಮನೆಯ ಸಾಮಾನು ಚೊಕ್ಕಟವೇ ಅಂತ ಯಾರೋ ಕೇಳುತ್ತಾರೆ ಅನ್ನುವುದು ಅವರಿಗೆ ಒಳಗೊಳಗೇ ಚುಚ್ಚುತ್ತಿತ್ತು. ಮಡಿಬಟ್ಟೆಯನ್ನು ಕೋಲಿನ ತುದಿಯಿಂದ ಗಳುವಿಗೆ ಹಾಕಿ, ಬೇರೆಯವರ ಕೈ ತಾಗದಂತೆ ಕಾಯುತ್ತಿದ್ದ ತಮ್ಮ ಅತ್ತೆಯ ಕಥೆಗಳನ್ನು ಅವರೇ ನನಗೆ ನಗುತ್ತಾ ಹೇಳಿದ್ದರು. ಈಗ ಒಂದು ದೇಶವೇ ಗಳುವಿನ ಮೇಲೆ ಕೂತಿತ್ತು, ತಾಗುವವರು ನಾವು.

ಹುಡುಕುತ್ತಾ ಹೋದಂತೆ ನನಗೇ ಆಶ್ಚರ್ಯ. ಹಿತ್ತಾಳೆ ಪಾವಿನ ಅಂಚನ್ನು ಹೊರಗೆ ಮಡಿಸಿರುತ್ತಾರಲ್ಲ, ಆ ಮಡಿಕೆಯೊಳಗೆ ಯಾವ ಕಾಲದ್ದೋ ಅಕ್ಕಿನುಚ್ಚು. ಬೀಸುವ ಕಲ್ಲಿನ ಗೂಟದ ತೂತಿನಲ್ಲಿ ರಾಗಿ. ಬೂರುಗದ ಹತ್ತಿಯ ದಿಂಬನ್ನು ಕೈಯಲ್ಲಿ ಹಿಚುಕಿದರೆ ಕರಿ ಬೀಜಗಳು ಬೆರಳಿಗೆ ಸಿಗುತ್ತಿದ್ದವು; ಅಷ್ಟು ವರ್ಷ ಅದರ ಮೇಲೆ ತಲೆಯಿಟ್ಟು ಮಲಗಿದ್ದರೂ ಅದೊಂದು ಬೀಜದ ಚೀಲ ಅಂತ ತೋಚಿರಲಿಲ್ಲ. ಅಳಗುಳಿಮಣೆಯ ಜೊತೆ ಹುಣಿಸೆಬೀಜದ ಗಂಟು. ಮಗನ ಕ್ರಿಕೆಟ್ ಬೂಟಿನ ಮುಳ್ಳುಗಳ ನಡುವೆ ಮೈದಾನದ ಕೆಮ್ಮಣ್ಣು, ಅದರಲ್ಲಿ ಒಂದಿಷ್ಟು ಹುಲ್ಲಿನ ಬೇರು. ವ್ಯಾಕ್ಯೂಮ್ ಕ್ಲೀನರಿನ ಚೀಲದ ಬಗ್ಗೆ ಬರೆಯದಿರುವುದೇ ಒಳ್ಳೆಯದು.

ಎಲ್ಲಕ್ಕಿಂತ ತಮಾಷೆಯೆಂದರೆ ರೇಷ್ಮೆ ಸೀರೆಗಳದ್ದು. ನುಸಿ ಹಿಡಿಯಬಾರದು ಅಂತ ಮಡಿಕೆ ಮಡಿಕೆಯಲ್ಲೂ ಒಣ ಬೇವಿನೆಲೆ ಇಟ್ಟಿದ್ದೆವು. ಹಳೆಯ ಪುಸ್ತಕಗಳಲ್ಲೂ ಅದೇ. ಹುಳು ಬಾರದಿರಲಿ ಅಂತ ಇಟ್ಟ ಎಲೆಯೇ ಅಲ್ಲಿಯವರ ಲೆಕ್ಕದಲ್ಲಿ ಕೇಳಬೇಕಾದ ವಸ್ತು. ಸೀರೆಗಳನ್ನೆಲ್ಲ ಬಿಚ್ಚಿ, ಒದರಿ, ಪುಡಿಯಾದ ಎಲೆಯನ್ನು ಬ್ರಷ್ಷಿನಿಂದ ತೆಗೆಯುವ ಹೊತ್ತಿಗೆ ಅಂಗಳವೆಲ್ಲ ಕಹಿ ವಾಸನೆ.

ಮೈಸೂರಿನವರಿಗೆ ಇನ್ನೊಂದು ಸಂಕಟವಿದೆ, ಅದು ದಸರಾ ಗೊಂಬೆ. ಪಟ್ಟದ ಗೊಂಬೆಗಳಿಲ್ಲದೆ ನಮ್ಮಲ್ಲಿ ಗೊಂಬೆ ಕೂರಿಸುವುದುಂಟೇ? ನನ್ನ ಮದುವೆಯಲ್ಲಿ ತವರಿನವರು ಕೊಟ್ಟ ಜೋಡಿ ರಕ್ತಚಂದನದ್ದು. ರಕ್ತಚಂದನ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿರುವ ಮರ, ಭಾರತದಿಂದ ಹೊರಗೆ ಕಳಿಸಲು ನಮ್ಮ ಸರ್ಕಾರದ್ದೇ ಬಿಗಿ ನಿರ್ಬಂಧವಿದೆ. ಅಂದರೆ ಆಸ್ಟ್ರೇಲಿಯಾ ತಡೆಯುವ ಮೊದಲೇ, ಸಾಮಾನು ಹಡಗು ಹತ್ತುವ ಚೆನ್ನೈಯಲ್ಲೇ ತಡೆ. ಕೃಷ್ಣನ ಪಕ್ಕ ಸಿಕ್ಕಿಸುತ್ತಿದ್ದ ನವಿಲುಗರಿಯ ಕಥೆಯೂ ಅಷ್ಟೇ; ರಾಷ್ಟ್ರಪಕ್ಷಿಯ ಗರಿಯನ್ನು ದೇಶದಾಚೆ ಕಳಿಸುವಂತಿಲ್ಲ. ಇನ್ನು ಗೊಂಬೆ ಮೆಟ್ಟಿಲ ಮುಂದೆ ಮೊಳಕೆ ಬರಿಸುವ ನವಧಾನ್ಯ, ಕಲಶದ ಅಕ್ಕಿ, ಅಡಿಕೆ ಇವುಗಳ ಮಾತೇ ಬೇಡ. ಮಣ್ಣಿನ ಗೊಂಬೆಗಳನ್ನು ಒಣಹುಲ್ಲಿನಲ್ಲಿ ಸುತ್ತಿಟ್ಟಿದ್ದೆವು, ಅದನ್ನು ಬಿಸಾಕಿ ಹೊಸ ಕಾಗದ ತಂದೆ. ಹುಲ್ಲು, ಮೊಟ್ಟೆಯ ಟ್ರೇ, ಹಣ್ಣು ಬಂದ ರಟ್ಟಿನ ಡಬ್ಬ ಇವುಗಳಲ್ಲಿ ಏನನ್ನೂ ಕಟ್ಟಿ ಕಳಿಸಬಾರದು. ನಮ್ಮಲ್ಲಿ ಮನೆ ಬದಲಿಸುವವರು ಮೊದಲು ಹೋಗಿ ನಿಲ್ಲುವುದೇ ಹಣ್ಣಿನಂಗಡಿಯವನ ಮುಂದೆ, ಖಾಲಿ ಡಬ್ಬ ಕೊಡಪ್ಪಾ ಅಂತ.

ಪಟ್ಟದ ರಾಜ ರಾಣಿ ಈಗ ನಾದಿನಿಯ ಮನೆಯಲ್ಲಿದ್ದಾರೆ. ಪ್ರತಿ ವರ್ಷ ಅವರಿಗೆ ಹೊಸ ಬಟ್ಟೆ ತೊಡಿಸಿದ ಫೋಟೋ ಬರುತ್ತದೆ.

ಆಹಾರದ ವಿಷಯಕ್ಕೆ ಬಂದರೆ, ನಾವು ಹೊರಟ ಕಾಲವೂ ಹಾಗಿತ್ತು. 2020ರ ಕೊನೆಯಿಂದ ಆಸ್ಟ್ರೇಲಿಯಾ ಪ್ರಯಾಣಿಕರ ಬ್ಯಾಗಿನಲ್ಲಿ, ಮನೆ ಸಾಮಾನಿನಲ್ಲಿ ಬರುವ ಕೆಲವು ಕಾಳುಕಡಿಗಳನ್ನು ಪೂರ್ತಿ ನಿಲ್ಲಿಸಿಬಿಟ್ಟಿತ್ತು. ಆ ಪಟ್ಟಿ ಓದಿದಾಗ ನನಗೆ ನಗು ತಡೆಯಲಾಗಲಿಲ್ಲ. ಅಕ್ಕಿ, ಗೋಧಿ, ತೊಗರಿ, ಹೆಸರು, ಕಡಲೆ, ಅಲಸಂದೆ, ಶೇಂಗಾ, ಕೊತ್ತಂಬರಿ ಬೀಜ, ಜೀರಿಗೆ, ಸೋಂಪು, ಒಣಮೆಣಸಿನಕಾಯಿ. ಯಾರೋ ನಮ್ಮ ಅಡುಗೆಮನೆಯ ಕಪಾಟಿನ ಮುಂದೆ ನಿಂತು, ಹುಳಿಪುಡಿ ಹುರಿಯಲು ತೆಗೆದಿಟ್ಟ ಡಬ್ಬಗಳನ್ನು ಎಡದಿಂದ ಬಲಕ್ಕೆ ಬರೆದುಕೊಂಡು ಹೋದಂತಿತ್ತು. ಬ್ಯಾಡಗಿ ಮೆಣಸಿನಕಾಯಿಯ ಮೇಲೆ ಅವರಿಗೇನು ಹಗೆ?

ಹಗೆ ಇದ್ದದ್ದು ಖಪ್ರಾ ಅನ್ನುವ ಜೀರುಂಡೆಯ ಮೇಲೆ. ಹೆಚ್ಚೆಂದರೆ ಮೂರು ಮಿಲಿಮೀಟರ್ ಉದ್ದದ ಕಂದು ಹುಳು. ರೆಕ್ಕೆಯಿದ್ದರೂ ಹಾರುವುದಿಲ್ಲ. ಹಾಗಾಗಿ ಅದು ಜಗತ್ತು ಸುತ್ತಿದ್ದೆಲ್ಲ ಮನುಷ್ಯರ ಗಂಟುಮೂಟೆಯ ಜೊತೆಗೇ. ಇದರ ಮೂಲ ನಮ್ಮ ಭಾರತ ಉಪಖಂಡ. ಹಾಳು ಮಾಡುವುದು ದೊಡ್ಡ ಹುಳುವಲ್ಲ, ಮರಿ; ಮೈತುಂಬ ಕೂದಲಿರುವ ಈ ಮರಿಗಳು ಕಾಳು ತಿಂದು ಉಳಿಸುವ ಪುಡಿ, ಪೊರೆ, ಕೂದಲು ಸೇರಿ ಮಿಕ್ಕ ಧಾನ್ಯವೂ ತಿನ್ನಲು ಬಾರದಂತಾಗುತ್ತದೆ. ತಿನ್ನಲು ಏನೂ ಸಿಗದಿದ್ದರೆ ಗೋಡೆಯ ಬಿರುಕಿನಲ್ಲೋ, ಪೆಟ್ಟಿಗೆಯ ಸಂದಿನಲ್ಲೋ, ಕಂಟೇನರಿನ ಹಲಗೆಯಡಿಯಲ್ಲೋ ಸುಮ್ಮನೆ ಬಿದ್ದುಕೊಳ್ಳುತ್ತವೆ, ತಿಂಗಳುಗಟ್ಟಲೆ ಅಲ್ಲ, ವರ್ಷಗಟ್ಟಲೆ. ಸಾಮಾನ್ಯ ಕೀಟನಾಶಕಕ್ಕೂ ಸುಲಭದಲ್ಲಿ ಬಗ್ಗುವುದಿಲ್ಲ. 2020ರಲ್ಲಿ ಆಸ್ಟ್ರೇಲಿಯಾದಲ್ಲಿ ಇದು ಸಿಕ್ಕಿದ್ದು ಕಾಳಿನ ಮೂಟೆಯಲ್ಲೂ ಅಲ್ಲ. ಫ್ರಿಜ್ಜಿನಂಥ, ಮಕ್ಕಳ ಊಟದ ಕುರ್ಚಿಯಂಥ ಸಾಮಾನಿನ ಜೊತೆ. ಹಿಂದೆ ಯಾವತ್ತೋ ಧಾನ್ಯ ಹೊತ್ತ ಕಂಟೇನರಿನಲ್ಲಿ ಉಳಿದುಕೊಂಡ ಹುಳು ಮುಂದಿನ ಸಾಮಾನಿಗೆ ಹತ್ತುವುದು ಹೀಗೆ. ಬೆಳೆದ ಧಾನ್ಯದ ಬಹುಪಾಲನ್ನು ಹೊರದೇಶಕ್ಕೆ ಮಾರಿ ಬದುಕುವ ನಾಡು ಇದು. ಖಪ್ರಾ ನೆಲೆಯೂರಿದರೆ ಇಪ್ಪತ್ತು ವರ್ಷಗಳಲ್ಲಿ 1,550 ಕೋಟಿ ಡಾಲರ್ ನಷ್ಟ ಅಂತ ಅವರ ಸರ್ಕಾರದ ಅಂದಾಜು. ದೇಶದ ಗಿಡಪೈರುಗಳ ಮುಖ್ಯ ಶತ್ರುಗಳ ಪಟ್ಟಿಯಲ್ಲಿ ಇದಕ್ಕೆ ಎರಡನೆಯ ಸ್ಥಾನ ಕೊಟ್ಟಿದ್ದಾರೆ.

"ನಮ್ಮಂಥವರನ್ನು ಕಂಡರೆ ಮಾತ್ರ ಇವರಿಗೆ ಅನುಮಾನ" ಅನ್ನುವ ಮಾತು ಇಲ್ಲಿನ ಕನ್ನಡಿಗರ ಊಟದ ಮನೆಗಳಲ್ಲಿ ಆಗಾಗ ಕೇಳುತ್ತದೆ. ಬೇಳೆ ತಿನ್ನುವವರ ಮೇಲೆ ಬೀಳುವ ಭಾರ ಜಾಸ್ತಿ, ಅದು ನಿಜ. ಆದರೆ 2007ರಲ್ಲಿ ಪರ್ತ್ ನಗರದ ಒಂದು ಮನೆಯಲ್ಲಿ ಖಪ್ರಾ ಸಿಕ್ಕಿತ್ತಲ್ಲ, ಅದು ಬಂದದ್ದು ಸ್ಕಾಟ್‌ಲೆಂಡಿನಿಂದ ವಲಸೆ ಬಂದ ಕುಟುಂಬದ ಮನೆ ಸಾಮಾನಿನ ಜೊತೆ. ಇಡೀ ಮನೆಗೆ ಗುಡಾರದಂತೆ ಹೊದಿಕೆ ಹಾಕಿ, ಒಳಗೆ ವಿಷದ ಹೊಗೆ ಹಾಯಿಸಿದರು. ಆಮೇಲೂ ಬಲೆಯಿಟ್ಟು ಕಾದರು, ಹುಳು ಮತ್ತೆ ಕಾಣಿಸಲಿಲ್ಲ. ಆ ಮನೆಯವರನ್ನು ನೆನೆದಾಗಲೆಲ್ಲ ನನಗೆ ಪಾಪ ಅನ್ನಿಸುತ್ತದೆ. ಹೊಸ ಊರು, ಈಗಷ್ಟೇ ಬಿಚ್ಚಿದ ಪೆಟ್ಟಿಗೆಗಳು, ಪಕ್ಕದ ಮನೆಯವರ ಹೆಸರು ಇನ್ನೂ ಗೊತ್ತಿಲ್ಲ, ಅಷ್ಟರಲ್ಲಿ ಮನೆಗೇ ಮುಸುಕು.

ಮೆಲ್ಬರ್ನಿನ ಪಶ್ಚಿಮಕ್ಕೆ, ಜೀಲಾಂಗ್ ದಾಟಿ ಹೋದರೆ ವಿಂಚೆಲ್ಸಿ ಅಂತ ಒಂದು ಸಣ್ಣ ಊರು. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನ್ದಾರ ಬೇಟೆಯ ಖುಷಿಗೆ ಇಂಗ್ಲೆಂಡಿನಿಂದ ಎರಡು ಡಜನ್ ಮೊಲ ತರಿಸಿ ಬಿಟ್ಟದ್ದು ಅಲ್ಲೇ. ಆಮೇಲಿನದ್ದು ಇಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಮೊಲ ತಡೆಯಲು ದೇಶದ ಉದ್ದಕ್ಕೆ ಬೇಲಿ ಹಾಕಿದರೂ ನಿಲ್ಲಲಿಲ್ಲ. ನನಗೆ ಅದಕ್ಕಿಂತ ಹಿಡಿಸಿದ ಕಥೆ ಪಾಪಾಸುಕಳ್ಳಿಯದ್ದು. 1788ರಲ್ಲಿ ಬ್ರಿಟಿಷರ ಮೊದಲ ಹಡಗುಗಳು ಬರುವಾಗಲೇ ಬ್ರೆಜಿಲ್‌ನಿಂದ ಪಾಪಾಸುಕಳ್ಳಿಯನ್ನು ಹತ್ತಿಸಿಕೊಂಡು ಬಂದಿದ್ದರು. ಸಿಪಾಯಿಗಳ ಕೆಂಪು ಕೋಟಿನ ಬಣ್ಣ ಬರುವುದು ಆ ಕಳ್ಳಿಯ ಮೇಲೆ ಬದುಕುವ ಹುಳದಿಂದ, ಇಲ್ಲೇ ಬೆಳೆಸಿದರಾಯಿತು ಅನ್ನುವ ಲೆಕ್ಕಾಚಾರ. ಬಣ್ಣದ ಉದ್ಯಮ ಏಳಲಿಲ್ಲ. ಮುಂದೆ ಬೇಲಿಗೆ, ಅಂದಕ್ಕೆ ಅಂತ ತಂದ ಇನ್ನಷ್ಟು ಜಾತಿಯ ಕಳ್ಳಿಗಳು ಸೇರಿ 1920ರ ದಶಕದ ಹೊತ್ತಿಗೆ ಕ್ವೀನ್ಸ್‌ಲೆಂಡ್ ಮತ್ತು ನ್ಯೂ ಸೌತ್ ವೇಲ್ಸಿನಲ್ಲಿ ಎರಡು ಕೋಟಿ ಹೆಕ್ಟೇರಿಗೂ ಮಿಕ್ಕಿ ನೆಲ ನುಂಗಿದವು. ಜನ ಹೊಲ ಮನೆ ಬಿಟ್ಟು ಹೋದರು. ಕೊನೆಗೆ ಅರ್ಜೆಂಟೀನಾದಿಂದ ತಂದ ಒಂದು ಪತಂಗದ ಮರಿಹುಳುಗಳು ಕಳ್ಳಿಯನ್ನು ಒಳಗಿನಿಂದ ತಿಂದು ಮುಗಿಸಿದವು. ಕ್ವೀನ್ಸ್‌ಲೆಂಡಿನ ಬೂನಾರ್ಗಾದಲ್ಲಿ ಆ ಪತಂಗದ ನೆನಪಿಗೆ 1936ರಲ್ಲಿ ಊರಿನವರು ಒಂದು ಸಭಾಭವನವನ್ನೇ ಕಟ್ಟಿಸಿದ್ದಾರೆ. ಹುಳುವಿಗೆ ಸ್ಮಾರಕ ಕಟ್ಟಿದ ಜನರ ಹತ್ತಿರ ಹೋಗಿ "ಒಂದು ಸಣ್ಣ ಹುಳಕ್ಕೆ ಇಷ್ಟೆಲ್ಲ ಯಾಕೆ" ಅಂತ ಕೇಳುವುದು ಕಷ್ಟ.

ಅಷ್ಟು ದೂರ ಯಾಕೆ ಹೋಗಬೇಕು? ಮೈಸೂರಿನಲ್ಲಿ ನಮ್ಮ ಬಡಾವಣೆಯ ಖಾಲಿ ಸೈಟುಗಳಲ್ಲಿ ಮಳೆ ಬಿದ್ದ ಮಾರನೆಯ ವಾರಕ್ಕೆ ತಲೆಯೆತ್ತುತ್ತಿದ್ದದ್ದು ಕಾಂಗ್ರೆಸ್ ಗಿಡ. ಅಮೆರಿಕ ಖಂಡದ ಪಾರ್ಥೇನಿಯಂ ಅದು. 1950ರ ದಶಕದಲ್ಲಿ, ಅಮೆರಿಕದ ಗೋಧಿಯ ಜೊತೆ ಬಂತು ಅಂತ ನಾವೆಲ್ಲ ಕೇಳಿ ಬೆಳೆದಿದ್ದೇವೆ. ಪುಣೆಯಲ್ಲಿ ಮೊದಲು ಗಮನಕ್ಕೆ ಬಿದ್ದ ಗಿಡ ಬೆಂಗಳೂರು, ಮೈಸೂರು, ಧಾರವಾಡ ಅನ್ನದೆ ಹಬ್ಬಿತು. ಮುಟ್ಟಿದವರ ಚರ್ಮ ಕೆಂಪಾಗಿ ಒಡೆಯುತ್ತಿತ್ತು. ನಮ್ಮ ಬೀದಿಯ ಹೂ ಮಾರುವ ಅಜ್ಜಿಯ ಕುತ್ತಿಗೆ, ಮೊಣಕೈಗಳು ಬೇಸಿಗೆಯಲ್ಲೂ ಮಳೆಯಲ್ಲೂ ಕೆರೆದು ಕೆರೆದು ಆನೆಯ ಚರ್ಮದಂತಾಗಿದ್ದವು. ಅದನ್ನು ತಿನ್ನಲಿ ಅಂತ ಮೆಕ್ಸಿಕೋದ ಜೀರುಂಡೆಯೊಂದನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಅದೇ ಗಿಡ ಕ್ವೀನ್ಸ್‌ಲೆಂಡಿಗೂ ಹುಲ್ಲಿನ ಬೀಜದ ಜೊತೆ ಬಂದು ಕೂತಿದೆ, ಅದೇ ಜೀರುಂಡೆಯನ್ನು ಅಲ್ಲೂ ಬಿಟ್ಟಿದ್ದಾರೆ.

ನನ್ನ ತವರು ಮೂಡಿಗೆರೆ ಕಡೆ. ಅಪ್ಪನ ಕಾಫಿ ತೋಟದಲ್ಲಿ ಯಾರಾದರೂ ಕಾಫಿ ಹಣ್ಣು ಕೊರೆಯುವ ಹುಳು ಬೆರ್ರಿ ಬೋರರ್‌ನ ಹೆಸರೆತ್ತಿದರೆ ಸಾಕು, ಮಾತು ನಿಂತು ಹೋಗುತ್ತಿತ್ತು. ಭಾರತದಲ್ಲಿ ಅದು ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗುಡಲೂರಿನಲ್ಲಿ. ಕೊಡಗಿಗೆ ಬಂತಂತೆ ಅಂದರು, ಆಮೇಲೆ ನಮ್ಮ ಕಡೆಗೂ. ಕೊಯ್ಲಿನ ನಂತರ ಗಿಡದಲ್ಲೊಂದು ಕಾಯಿ, ನೆಲದಲ್ಲೊಂದು ಹಣ್ಣು ಉಳಿಯದಂತೆ ಹೆಕ್ಕಿಸುವುದು, ಬೇರೆ ತೋಟದ ಗೋಣಿಚೀಲ ಒಳಗೆ ಬಿಡದಿರುವುದು ಎಲ್ಲ ಶುರುವಾದದ್ದು ಆಗ. ಅಪ್ಪ ಗೇಟಿನ ಹತ್ತಿರವೇ ಚೀಲ ಕೊಡವಿಸುತ್ತಿದ್ದರು. ಆಳುಗಳು ಗೊಣಗುತ್ತಿದ್ದರು, ಚಿಕ್ಕಪ್ಪ ನಗುತ್ತಿದ್ದರು. ಆದರೆ ಇದೇ ಗುಡ್ಡಗಳಲ್ಲಿ ನಾವು ಕೈಮುಗಿಯುವ ಬಾಬಾಬುಡನ್ ಮಾಡಿದ್ದೇನು? ಯೆಮನ್ನಿನಿಂದ ಬೀಜವಾಗಿ ಹೊರಗೆ ಬಿಡದ ಕಾಫಿಯ ಏಳು ಬೀಜಗಳನ್ನು ಅಡಗಿಸಿ ತಂದು ಚಂದ್ರದ್ರೋಣದಲ್ಲಿ ಬಿತ್ತಿದರು ಅನ್ನುವುದು ನಮ್ಮ ನಂಬಿಕೆ. ಚಿಕ್ಕಮಗಳೂರಿನ ಅರ್ಧ ಬದುಕು ನಿಂತಿರುವುದೇ ಒಂದು ಕಳ್ಳಸಾಗಣೆಯ ಮೇಲೆ. ಹಾಗಾಗಿ ಈ ವಿಷಯದಲ್ಲಿ ನನಗೆ ಯಾರಿಗೂ ಬುದ್ಧಿ ಹೇಳುವ ಉತ್ಸಾಹವಿಲ್ಲ. ಬಾಬಾಬುಡನ್ ಏಳು ಬೀಜ ತಂದರು, ಹುಳ ತರಲಿಲ್ಲ. ಅದು ನಮ್ಮ ಅದೃಷ್ಟ, ಅಷ್ಟೆ.

ಚೆನ್ನೈ ಬಂದರಿನಿಂದ ಹೊರಟು, ಸಿಂಗಪುರದಲ್ಲಿ ಹಡಗು ಬದಲಿಸಿ, ಸಾಮಾನು ನಿಧಾನಕ್ಕೆ ಬರುತ್ತಿತ್ತು. ನಾವು ಬಾಡಿಗೆ ಮನೆಯಲ್ಲಿ ಎರಡು ತಟ್ಟೆ, ಒಂದು ಕುಕ್ಕರಿನಲ್ಲಿ ಸಂಸಾರ ಮಾಡುತ್ತಾ ಇಲ್ಲಿನ ಸುದ್ದಿ ನೋಡುತ್ತಿದ್ದೆವು. ಆ ವರ್ಷ ಇಂಡೋನೇಷ್ಯಾದಲ್ಲಿ ಕಾಲುಬಾಯಿ ಜ್ವರ ಕಾಣಿಸಿಕೊಂಡಿತ್ತು. ಬಾಲಿಯಿಂದ ಬಂದವರು ವಿಮಾನ ಇಳಿದ ಕೂಡಲೇ ಹುಳಿದ್ರಾವಣದಲ್ಲಿ ನೆನೆಸಿದ ಮ್ಯಾಟಿನ ಮೇಲೆ ಚಪ್ಪಲಿ ಒರೆಸಿ ಬರಬೇಕಿತ್ತು. ಆಸ್ಟ್ರೇಲಿಯಾದಲ್ಲಿ ಕಾಲುಬಾಯಿ ಜ್ವರ ಕೊನೆಯ ಸಲ ಬಂದದ್ದು 1872ರಲ್ಲಿ. ನಮ್ಮ ಹಳ್ಳಿಗಳಲ್ಲಿ ದನದ ಕೊಟ್ಟಿಗೆಗೆ ಆರು ತಿಂಗಳಿಗೊಮ್ಮೆ ಲಸಿಕೆಯವರು ಬಂದು ಹೋಗುವುದು ಇದಕ್ಕೇ, ಅದು ನಮಗೆ ನೆಗಡಿ ಕೆಮ್ಮಿನಷ್ಟು ಪರಿಚಯದ ಹೆಸರು. ಇಲ್ಲಿ ಟಿವಿಯಲ್ಲಿ ಕುರಿ ಸಾಕುವವರು ಅಳುವ ಧ್ವನಿಯಲ್ಲಿ ಮಾತಾಡುತ್ತಿದ್ದರು. ಧಾರವಾಡ ಪೇಡೆಯಂಥ ಹಾಲಿನ ಸಿಹಿತಿಂಡಿಗಳನ್ನು ಯಾಕೆ ಬಿಡುವುದಿಲ್ಲ ಅಂತ ನನಗೆ ಆವತ್ತು ಸರಿಯಾಗಿ ಹೊಳೆಯಿತು.

ಸಾಮಾನು ಬಂದು ಸೇರುವುದು ಮನೆಗಲ್ಲ, ಅನುಮತಿ ಪಡೆದ ಒಂದು ಗೋದಾಮಿಗೆ. ಅಲ್ಲಿ ಅಧಿಕಾರಿ ಅರ್ಜಿ ಮತ್ತು ಪಟ್ಟಿ ಮುಂದಿಟ್ಟುಕೊಂಡು ಬೇಕಾದ ಪೆಟ್ಟಿಗೆ ಬಿಚ್ಚಿ ನೋಡುತ್ತಾರೆ. ಕಾನೂನು ಸಾಕಷ್ಟು ಹಳೆಯದು. 1908ರ ಕ್ವಾರಂಟೀನ್ ಕಾಯ್ದೆ ನೂರಕ್ಕೂ ಹೆಚ್ಚು ವರ್ಷ ನಡೆದು, 2016ರಲ್ಲಿ ಜೈವಿಕ ಸುರಕ್ಷತೆಯ ಹೊಸ ಕಾಯ್ದೆ ಜಾರಿಗೆ ಬಂತು. ಆದರೆ ಸಾಮಾನಿನ ಒಡೆಯನಿಗೆ ತಲುಪುವ ಪತ್ರದಲ್ಲಿ ಮೂರೇ ಮಾತು ಇರುತ್ತವೆ. ಸಂಸ್ಕರಿಸಬೇಕೇ, ವಾಪಸ್ ಕಳಿಸಬೇಕೇ, ನಾಶ ಮಾಡಬೇಕೇ? ಯಾವುದಾದರೂ ಸರಿ, ಖರ್ಚು ನಿಮ್ಮದು.

ನಮಗೂ ಪತ್ರ ಬಂತು. ಗೌರಿಹಬ್ಬದ ಬಾಗಿನಕ್ಕೆ ಅಂತ ಅತ್ತೆ ಸೇರಿಸಿದ್ದ ಬಿದಿರಿನ ಮೊರಗಳಲ್ಲಿ ಸೂಜಿಮೊನೆಯಂಥ ತೂತುಗಳು, ಮತ್ತು ಮರದ ತೊಟ್ಟಿಲಿನ ಒಂದು ಕಾಲಿನ ಕೆಳಗೆ ಹಿಟ್ಟಿನಂಥ ಪುಡಿ. ಕುಟ್ಟೆಹುಳು. ಮೈಸೂರಿನಲ್ಲಿ ಕಟ್ಟುವ ಮುಂಚೆ ಬಿಸಿಲಿಗಿಟ್ಟು ಒರೆಸಿ ನೋಡಿದಾಗ ಆ ಪುಡಿ ಇರಲಿಲ್ಲ. ಹುಳು ಒಳಗಿನಿಂದ ಕೊರೆಯುತ್ತಿದ್ದರೆ ಅದು ಹೊರಗೆ ಬೀಳುವುದು ತನಗೆ ಮನಸ್ಸಾದಾಗ. ಮೊರದ ಬೆಲೆಗಿಂತ ಅದನ್ನು ಸಂಸ್ಕರಿಸುವ ಕೂಲಿ ಎಷ್ಟೋ ಪಟ್ಟು ಜಾಸ್ತಿ, ಹಾಗಾಗಿ ಅದಕ್ಕೆ ನಾಶ ಅಂತ ಗುರುತು ಹಾಕಿದೆ. ತೊಟ್ಟಿಲಿಗೆ ಹಾಗೆ ಬರೆಯಲು ಕೈ ಬರಲಿಲ್ಲ. ಮಾವ, ಅವರ ತಂಗಿಯರು, ನನ್ನ ಗಂಡ, ಮಗ ಎಲ್ಲ ಮಲಗಿದ ತೊಟ್ಟಿಲು. ಬೆಲೆ ಕಟ್ಟಿದರೆ ಹಳೆ ಮರದಂಗಡಿಯವನು ಸಾವಿರ ರೂಪಾಯಿಯೂ ಕೊಡಲಾರ. ಅದಕ್ಕೆ ಹೊಗೆ ಹಾಕಿಸಲು ತೆತ್ತ ಹಣದಲ್ಲಿ ಇಲ್ಲಿ ಒಂದು ಒಳ್ಳೆಯ ಮಂಚ ಬರುತ್ತಿತ್ತು. "ಆ ದುಡ್ಡಿನಲ್ಲಿ ಒಬ್ಬರು ಊರಿಗೆ ಹೋಗಿ ಬರಬಹುದಿತ್ತು" ಅಂತ ಇವರು ಒಂದೇ ಸಲ ಅಂದರು, ಆಮೇಲೆ ಆ ಮಾತೆತ್ತಲಿಲ್ಲ.

ನನಗೆ ಕಿರಿಕಿರಿಯಾದದ್ದು ಹಣದ ಬಗ್ಗೆ ಅಲ್ಲ, ಅಥವಾ ಹಣದ ಬಗ್ಗೆ ಮಾತ್ರ ಅಲ್ಲ. ಪತ್ರಕ್ಕೆ ಉತ್ತರಿಸಿದ ಮೇಲೆ ವಾರಗಟ್ಟಲೆ ಸುದ್ದಿಯಿಲ್ಲ, ಗೋದಾಮಿನ ಬಾಡಿಗೆ ಮಾತ್ರ ದಿನದಿನಕ್ಕೆ ಏರುತ್ತಿತ್ತು. ಫೋನು ಮಾಡಿದರೆ ಇವರು ಅವರನ್ನು ತೋರಿಸುವುದು, ಅವರು ಇವರನ್ನು. ನಿಯಮ ಕಠಿಣವಾಗಿರಲಿ, ಬೇಡ ಅನ್ನುವುದಿಲ್ಲ. ಕಾಯಿಸುವ ಸೋಮಾರಿತನಕ್ಕೂ ನಾವೇ ದುಡ್ಡು ಕೊಡಬೇಕು ಅನ್ನುವುದು ಯಾವ ನ್ಯಾಯ? ಇಂಗ್ಲಿಷಿನಲ್ಲಿ ಸರಾಗವಾಗಿ ಜಗಳವಾಡಬಲ್ಲ ನಮಗೇ ಹೀಗಾದರೆ, ಭಾಷೆ ಬಾರದೆ ನಿರಾಶ್ರಿತರಾಗಿ ಬರುವವರ ಗತಿಯೇನು ಅಂತ ಆಗ ಯೋಚನೆ ಬಂತು.

ಇನ್ನೊಂದು ವಿಚಿತ್ರ ಹೇಳಬೇಕು. ಹೊಗೆ ಅಂದೆನಲ್ಲ, ಅದು ಮೀಥೈಲ್ ಬ್ರೋಮೈಡ್. ಓಝೋನ್ ಪದರ ಕೊರೆಯುವ ಅನಿಲ ಅಂತ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಜಗತ್ತು ಇದರ ಬಳಕೆಯನ್ನು ಹೆಚ್ಚುಕಡಿಮೆ ನಿಲ್ಲಿಸಿದೆ, ಕ್ವಾರಂಟೀನ್ ಕೆಲಸಕ್ಕೆ ಮಾತ್ರ ವಿನಾಯಿತಿ. ನೆಲ ಉಳಿಸಲು ಆಕಾಶಕ್ಕೆ ತೂತು. ಚರ್ಮ, ರಬ್ಬರು, ಉಣ್ಣೆಯಂಥ ಗಂಧಕವಿರುವ ವಸ್ತುಗಳಿಗೆ ಇದು ತಾಗಿದರೆ ಹೋಗದ ದುರ್ವಾಸನೆ ಹಿಡಿಯಬಹುದು, ಅದಕ್ಕೇ ಹೊಗೆಗೆ ಹೋಗುವ ಪೆಟ್ಟಿಗೆಯಿಂದ ಅಂಥದ್ದನ್ನು ಬೇರ್ಪಡಿಸಬೇಕು. ಬೇರೆ ದಾರಿಗಳೂ ಇವೆ. ಗಾಮಾ ಕಿರಣ ಹಾಯಿಸುತ್ತಾರೆ, ಬಿಸಿ ಮಾಡುತ್ತಾರೆ, ಸಣ್ಣ ವಸ್ತುವಾದರೆ ಹೆಪ್ಪುಗಟ್ಟಿಸುತ್ತಾರೆ. ಪೆಟ್ಟಿಗೆಗಳನ್ನು ಹೊತ್ತು ಬರುವ ಮರದ ಹಲಗೆಗಳ ಮೇಲೆ ಗೋಧಿತೆನೆಯ ಸುಟ್ಟ ಮುದ್ರೆ ನೋಡಿರಬಹುದು. ಒಳತಿರುಳು 56 ಡಿಗ್ರಿ ಬಿಸಿಯಲ್ಲಿ ಅರ್ಧ ಗಂಟೆ ಇರುವಂತೆ ಕಾಯಿಸಿದ್ದೋ, ಹೊಗೆ ಹಾಕಿದ್ದೋ ಅನ್ನುವುದಕ್ಕೆ ಗುರುತು ಅದು. ನನಗಂತೂ ಈಗ ಎಲ್ಲಿ ಗೋದಾಮು ಕಂಡರೂ ಕಣ್ಣು ಆ ಮುದ್ರೆಗೇ ಹೋಗುತ್ತದೆ.

ಇಲ್ಲಿ ನಮ್ಮವರು ನಾಲ್ಕು ಜನ ಸೇರಿದರೆ ಮಾತು ಒಂದು ಹಂತದಲ್ಲಿ ಏರ್‌ಪೋರ್ಟಿಗೆ ಬಂದೇ ಬರುತ್ತದೆ. ಯಾರು ಉಪ್ಪಿನಕಾಯಿಯ ಅಡಿಯಲ್ಲಿ ಏನು ತಂದರು, ನಾಯಿ ಯಾರ ಬ್ಯಾಗಿನ ಪಕ್ಕ ಕೂತಿತು, ಅತ್ತೆ ಹೇಗೆ ಸೊಂಟದಲ್ಲಿ ಬೀಜದ ಪೊಟ್ಟಣ ಸಿಕ್ಕಿಸಿಕೊಂಡು ಬಂದರು. ಹೀರೇಕಾಯಿ ಬೀಜ, ತಿಂಗಳವರೆ ಬೀಜ. ಎಲ್ಲರೂ ನಗುತ್ತಾರೆ. ಮೊದಮೊದಲು ನಾನೂ ನಗುತ್ತಿದ್ದೆ, ಈಗ ಆಗುವುದಿಲ್ಲ, ಎದ್ದು ಅಡುಗೆಮನೆಗೆ ಹೋಗುತ್ತೇನೆ. ದಂಡದ ಹೆದರಿಕೆ ಬೇರೆ ವಿಷಯ. 2019ರಲ್ಲಿ ಸಿಡ್ನಿಯಲ್ಲಿ ವಿಯೆಟ್ನಾಮಿನಿಂದ ಬಂದ ಮಹಿಳೆಯೊಬ್ಬರ ಬ್ಯಾಗಿನಲ್ಲಿ ಹೇಳದೆ ತಂದ ಹಂದಿಮಾಂಸ ಮತ್ತಿತರ ತಿನಿಸು ಸಿಕ್ಕಿ, ಅಲ್ಲೇ ವೀಸಾ ರದ್ದು ಮಾಡಿ ವಾಪಸ್ ಕಳಿಸಿದರು. ಅದು ಅಂಥ ಮೊದಲ ಪ್ರಕರಣ. ಆದರೆ ಘೋಷಿಸಿದವರಿಗೆ ದಂಡವಿಲ್ಲ. ಇದೆ ಅಂತ ಗುರುತು ಹಾಕಿ, ತೋರಿಸಿ, ಬೇಡ ಅಂದರೆ ಬಿಟ್ಟು ಬರುವುದು, ಅಷ್ಟೇ ತಾನೇ? ನಮ್ಮವರಿಗೆ ಘೋಷಣೆ ಅಂದರೆ ತಪ್ಪೊಪ್ಪಿಗೆ ಅನ್ನಿಸುತ್ತದೆ, ತೊಡಕು ಅಲ್ಲಿರುವುದು.

ಕರಿಬೇವಿನ ವಿಷಯದಲ್ಲಿ ಮಾತ್ರ ಎಲ್ಲರ ಸಿಟ್ಟು ಒಂದೇ. ಹಸಿ ಎಲೆ ತರುವಂತಿಲ್ಲ. ಕರಿಬೇವು ನಿಂಬೆ ಕಿತ್ತಳೆಗಳ ಬಳಗದ ಗಿಡ. ಆ ಬಳಗವನ್ನೇ ಒಣಗಿಸುವ ಹಸಿರು ರೋಗವನ್ನು ಹರಡುವ ಒಂದು ಸಣ್ಣ ರಸಹೀರುವ ಕೀಟಕ್ಕೆ ಕರಿಬೇವು ಅಂದರೆ ಪ್ರಾಣ. ಫ್ಲಾರಿಡಾದ ಕಿತ್ತಳೆ ತೋಟಗಳನ್ನು ಕಂಗೆಡಿಸಿದ್ದು ಅದೇ ರೋಗ. ಆಸ್ಟ್ರೇಲಿಯಾದಲ್ಲಿ ಅದಿನ್ನೂ ಇಲ್ಲ. ನಮ್ಮ ಮನೆಯ ಕುಂಡದಲ್ಲಿರುವ ಕರಿಬೇವು ಇಲ್ಲಿನ ನರ್ಸರಿಯದ್ದು, ಮೆಲ್ಬರ್ನಿನ ಚಳಿಗೆ ಮೂರು ತಿಂಗಳು ಬೋಳಾಗಿ ನಿಂತು ಸತ್ತೇ ಹೋಯಿತು ಅನ್ನಿಸಿ ಹೆದರಿಸುತ್ತದೆ. ಅಂಗಡಿಯಲ್ಲಿ ಕ್ವೀನ್ಸ್‌ಲೆಂಡಿನ ಎಲೆ ಸಿಗುತ್ತದೆ, ಒಂದು ಹಿಡಿಗೆ ಕೊಡುವ ದುಡ್ಡು ಅತ್ತೆಗೆ ಹೇಳಿಲ್ಲ. ಒಗ್ಗರಣೆಗೆ ಹಾಕುವಾಗ ಎಲೆ ಎಣಿಸುವ ಚಾಳಿ ನನಗೆ ಬಂದಿದ್ದೇ ಇಲ್ಲಿ.

ಈಗ ನಾದಿನಿಯ ಮಗಳು ಅಡಿಲೇಡಿಗೆ ಬರುವವಳಿದ್ದಾಳೆ. ಹಾಡುವ ಹುಡುಗಿ. ಅವಳಿಗೆ ನನ್ನ ಅತ್ತೆಯ ತಂಬೂರಿ ಬೇಕು, ಮೀರಜಿನದ್ದು, ಕೆಳಗೆ ಒಣಗಿಸಿದ ಸೋರೆಬುರುಡೆ, ಮೇಲೆ ಮರದ ದಂಡಿ. ಫೋನಿನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ "ಬುರುಡೆಯ ಒಳಗೆ ಟಾರ್ಚ್ ಹಾಕಿ ನೋಡಿದ್ದೀಯಾ?" ಅಂತ. ಅವಳು ನಕ್ಕಳು. ಆಮೇಲೆ ನೋಡಿ ಹೇಳಿದಳು, ಒಳಗೆ ಏನೋ ಗರಗರ ಅನ್ನುತ್ತೆ ಅತ್ತೆ, ಬೀಜವೋ ಕೆತ್ತಿದ ಚೂರೋ ಗೊತ್ತಾಗ್ತಿಲ್ಲ. ಬಿಚ್ಚಿಸಿದರೆ ನಾದ ಹೋಗುತ್ತದೆ ಅಂತ ಅವಳ ಗುರುಗಳು. ಬಿಚ್ಚಿಸದೆ ಕಳಿಸಿದರೆ ಮೆಲ್ಬರ್ನಿನಲ್ಲಿ ನನಗೆ ಬಂದಂಥ ಪತ್ರ ಅವಳಿಗೂ ಬರಬಹುದು ಅಂತ ನಾನು. ಬಿಜಾಪುರದ ಕಡೆಯ ಒಬ್ಬ ರಿಪೇರಿಯವರು ತಂತಿಯಿಂದ ಎಳೆದು ತೆಗೆಯುತ್ತಾರಂತೆ, ಮುಂದಿನ ತಿಂಗಳು ಮೈಸೂರಿಗೆ ಬಂದಾಗ ತೋರಿಸುವುದು ಅಂತಾಗಿದೆ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಸಾಕಲ್ಲವೇ ಅಂತ ಇವರು ಗ್ರೂಪಿನಲ್ಲಿ ಬರೆದರು. ಅದಕ್ಕೆ ಅತ್ತೆಯ ಉತ್ತರ ಇನ್ನೂ ಬಂದಿಲ್ಲ.